ತಿಳಿಯಾದ ನೀರು ಶುದ್ಧ ನೀರಲ್ಲ

ಬಾಗಲಕೋಟೆ ಜಿಲ್ಲೆಯಲ್ಲಿ ನೀರಿನ ಪರೀಕ್ಷೆ ಕಣ್ಣಿನಿಂದಲೇ ನಡೆದುಹೋಗುತ್ತದೆ. ಕೊಡದ ತಳ ಕಾಣುವಷ್ಟು ತಿಳಿಯಾಗಿದ್ದರೆ ನೀರು ಒಳ್ಳೆಯದು. ಕುಡಿದಾಗ ಸವಿಯಾಗಿದ್ದರೆ ಇನ್ನೂ ಒಳ್ಳೆಯದು. ಹೊಳೆಯದಾದರೆ ಕೇಳುವುದೇ ಬೇಡ, ಹರಿಯುವ ನೀರಿಗೆ ಮೈಲಿಗೆಯಿಲ್ಲ. ಮಲಪ್ರಭೆಯ ದಂಡೆಗಿರುವ ಬಾದಾಮಿ ತಾಲ್ಲೂಕಿನ ಊರುಗಳಲ್ಲಿ, ಬೇಸಿಗೆ ಬಂದರೆ ಹಳ್ಳದ ಉಸುಕು ತೋಡಿ ವರತಿ ನೀರು ತುಂಬಿಕೊಂಡು ಬದುಕಿದ ಹುನಗುಂದದ ಎರಿಸೀಮೆಯಲ್ಲಿ, ಇಳಕಲ್ಲಿನ ನೇಕಾರರ ಓಣಿಗಳಲ್ಲಿ, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಮನೆ ಬಿಟ್ಟುಕೊಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರಲ್ಲಿ ಮಾತು ಒಂದೇ. ಓದಿದವರೂ ಇದನ್ನೇ ಹೇಳುತ್ತಾರೆ. ಅದರ ಬೆನ್ನಿಗೆ ಇನ್ನೆರಡು ಮಾತು ಬರುತ್ತವೆ: "ನಮ್ಮ ಹಿರ್ಯಾರು ಇದೇ ನೀರು ಕುಡದು ನೂರು ವರ್ಷ ಬಾಳಿದ್ರು" ಎಂಬುದೊಂದು, "ಏನಾರ ಆದ್ರ ಒಂದು ಸೂಜಿ ಮಾಡಿಸಿದ್ರಾತು" ಎಂಬುದಿನ್ನೊಂದು.

ಈ ಮೂರೂ ಮಾತು ತಪ್ಪು. ತಪ್ಪಿನ ಬೆಲೆ ತೆರುವವರು ಮಾತ್ರ ಬೇರೆ: ತೊಟ್ಟಿಲ ಕೂಸು, ಬಸುರಿ, ಮೈಯಲ್ಲಿ ಕಸುವು ಉಳಿಯದ ಮುದುಕರು.

ಮೊದಲು ಕಣ್ಣಿನ ಸಾಕ್ಷಿಯನ್ನು ನೋಡಬೇಕು. ಕಾಲರಾ ತರುವ ವಿಬ್ರಿಯೊ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್. ಐನೂರನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಒಂದು ಮಿಲಿಲೀಟರ್ ನೀರಿನಲ್ಲಿ ಲಕ್ಷ ಬ್ಯಾಕ್ಟೀರಿಯಾ ಇದ್ದರೂ ಅದರ ತಿಳಿ ಕೆಡುವುದಿಲ್ಲ. 200 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ಆ ಲೆಕ್ಕಕ್ಕೆ ಎರಡು ಕೋಟಿ ಜೀವಿಗಳಾಗುತ್ತವೆ, ನೀರು ನಿರ್ಮಲವಾಗಿಯೇ ಕಾಣುತ್ತದೆ. ಮಳೆಗಾಲದ ಕೆಂಪು ನೀರಿಗೆ ಹಿಂಜರಿಯುವ ಜನ ಚಳಿಗಾಲದ ತಿಳಿನೀರನ್ನು ಎರಡನೆಯ ಯೋಚನೆ ಇಲ್ಲದೆ ಕುಡಿಯುತ್ತಾರೆ. ಆದರೆ ಬರೀ ಮಣ್ಣಿನಿಂದ ಯಾರಿಗೂ ಕಾಲರಾ ಬಂದಿಲ್ಲ. ಕಾಲರಾ, ಟೈಫಾಯಿಡ್, ಆಮಶಂಕೆ, ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ತರುವ ಕಾಮಣಿ, ಇವೆಲ್ಲ ಹರಡುವುದು ಮನುಷ್ಯನ ಮಲದಿಂದ. ಒಬ್ಬನ ಹೊಟ್ಟೆಯಿಂದ ಹೊರಬಿದ್ದದ್ದು ಇನ್ನೊಬ್ಬನ ಬಾಯಿ ಸೇರುವ ದಾರಿ ತೆರೆದಿದೆಯೋ ಮುಚ್ಚಿದೆಯೋ ಎಂಬುದಷ್ಟೇ ಪ್ರಶ್ನೆ. ಬಣ್ಣ, ರುಚಿ, ವಾಸನೆಗಳಿಗೆ ಇದರ ಉತ್ತರ ಗೊತ್ತಿಲ್ಲ.

ರುಚಿಯನ್ನು ನಂಬಿದವರಿಗೆ ಏನಾಯಿತು ಎಂಬುದು ಲಂಡನ್ನಿನ ದಾಖಲೆಯಲ್ಲಿದೆ. 1854ರಲ್ಲಿ ಅಲ್ಲಿನ ಸೋಹೊ ಬಡಾವಣೆಯಲ್ಲಿ ಕಾಲರಾ ಎದ್ದು 600ಕ್ಕೂ ಹೆಚ್ಚು ಜನ ಸತ್ತರು. ವೈದ್ಯ ಜಾನ್ ಸ್ನೋ ಮನೆಮನೆಯ ಸಾವು ಲೆಕ್ಕಹಾಕಿ ಬ್ರಾಡ್ ಸ್ಟ್ರೀಟಿನ ಕೈಪಂಪಿನ ಮೇಲೆ ಬೆರಳಿಟ್ಟರು. ಆ ಪಂಪಿನ ನೀರಿಗೆ ಸುತ್ತಲಿನ ಪಂಪುಗಳಿಗಿಂತ ಒಳ್ಳೆಯ ಹೆಸರಿತ್ತು. ಆ ರುಚಿಗೆ ಒಗ್ಗಿಹೋಗಿದ್ದ ಒಬ್ಬ ವಿಧವೆ ದೂರದ ಹ್ಯಾಂಪ್‌ಸ್ಟೆಡ್‌ಗೆ ಮನೆ ಬದಲಿಸಿದ ಮೇಲೂ ಅದೇ ನೀರನ್ನು ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದಳು. ಅವಳು ಕಾಲರಾದಿಂದ ಸತ್ತಳು. ಅವಳ ಮನೆಗೆ ಬಂದು ಅದೇ ನೀರು ಕುಡಿದು ಹೋದ ಸಂಬಂಧಿಕ ಹುಡುಗಿಯೂ ಸತ್ತಳು. ಅವರಿದ್ದ ಎರಡೂ ಕಡೆ ಆಗ ಬೇರೆ ಕಾಲರಾ ಇರಲಿಲ್ಲ. ಪಂಪಿನ ಬಾವಿಯಿಂದ ಕೆಲವೇ ಅಡಿ ದೂರದಲ್ಲಿ ಮಲಗುಂಡಿಯಿತ್ತು; ಬೇನೆಬಿದ್ದ ಕೂಸೊಂದರ ಬಟ್ಟೆ ತೊಳೆದ ನೀರನ್ನು ಅದಕ್ಕೇ ಸುರಿದಿದ್ದರು.

ಹರಿಯುವ ನೀರಿನ ಮಹಿಮೆಗೆ ಉತ್ತರ ಕೊಟ್ಟದ್ದು ಜರ್ಮನಿಯ ಎರಡು ಊರು. 1892ರಲ್ಲಿ ಹ್ಯಾಂಬರ್ಗ್ ನಗರ ಎಲ್ಬೆ ಹೊಳೆಯ ನೀರನ್ನು ಸೋಸದೆ ಕುಡಿಯುತ್ತಿತ್ತು. ಅದಕ್ಕೆ ಅಂಟಿಕೊಂಡ ಆಲ್ಟೊನಾ ಕೂಡ ಅದೇ ಹೊಳೆಯನ್ನು ನಂಬಿತ್ತು. ಅದೂ ಹ್ಯಾಂಬರ್ಗಿನ ಹೊಲಸೆಲ್ಲ ಸೇರಿದ ಮೇಲಿನ ಕೆಳದಂಡೆಯ ನೀರು. ಆದರೆ ಆಲ್ಟೊನಾ ಅದನ್ನು ಉಸುಕಿನ ಹಾಸಿನಲ್ಲಿ ಸೋಸಿ ನಲ್ಲಿಗೆ ಬಿಡುತ್ತಿತ್ತು. ಆ ವರ್ಷ ಹ್ಯಾಂಬರ್ಗಿನಲ್ಲಿ ಕಾಲರಾಕ್ಕೆ ಸುಮಾರು 8,600 ಜನ ಬಲಿಯಾದರು, ಆಲ್ಟೊನಾ ಬಹುಮಟ್ಟಿಗೆ ಪಾರಾಯಿತು. ಗಾಳಿ ಒಂದೇ, ಹೊಳೆ ಒಂದೇ, ಗಡಿಯ ಬೀದಿಯೂ ಒಂದೇ. ಸಾವು ನಲ್ಲಿಯನ್ನು ಹಿಡಿದು ಹೋಯಿತು.

ಮಲಪ್ರಭೆಯ ಕಥೆ ಬೇರೆಯಲ್ಲ. ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ರಾಮದುರ್ಗ ದಾಟಿ ಬಾದಾಮಿ ತಾಲ್ಲೂಕಿಗೆ ಬರುವ ಈ ಹೊಳೆ ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಾರಿಯುದ್ದಕ್ಕೂ ಊರುಗಳಿವೆ. ಊರಿನ ಗಟಾರ ಹಳ್ಳಕ್ಕೆ, ಹಳ್ಳ ಹೊಳೆಗೆ. ಹೊಳೆಗೆ ತನ್ನನ್ನು ತಾನೇ ತೊಳೆದುಕೊಳ್ಳುವ ಒಂದಿಷ್ಟು ಶಕ್ತಿ ಇರುವುದು ನಿಜ; ಬಿಸಿಲು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಅವುಗಳನ್ನು ತಿನ್ನುವ ಜೀವಿಗಳೂ ನೀರಿನಲ್ಲಿವೆ, ದೊಡ್ಡ ಹರಿವಿನಲ್ಲಿ ಹೊಲಸು ತೆಳುವಾಗುತ್ತದೆ. ಅದಕ್ಕೆ ದೂರ ಬೇಕು, ಹೊತ್ತು ಬೇಕು, ಹರಿವು ಬೇಕು. ಬೇಸಿಗೆಯಲ್ಲಿ ಹರಿವು ನಿಂತು ಅಲ್ಲಲ್ಲಿ ಮಡು ಉಳಿಯುವ ಹೊಳೆಗೆ ಈ ಮೂರೂ ಇಲ್ಲ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು. ಅಂಥ ನೆರೆಯಲ್ಲಿ ತಿಪ್ಪೆ, ಶೌಚಗುಂಡಿ, ಕುಡಿಯುವ ಬಾವಿ ಎಲ್ಲವೂ ಒಂದೇ ನೀರಾಗುತ್ತವೆ. ನೆರೆ ಇಳಿದು ವಾರ ಕಳೆದರೆ ಬಾವಿಯ ನೀರು ತಿಳಿಯಾಗುತ್ತದೆ. ಮಣ್ಣು ತಳಕ್ಕೆ ಕೂತಿತೆಂದು ಬ್ಯಾಕ್ಟೀರಿಯಾವೂ ಕೂತಿತೆಂದು ತಿಳಿಯುವುದೇ ಅಪಾಯ.

ವರತಿ ನೀರಿನ ವಿಷಯದಲ್ಲಿ ನ್ಯಾಯವಾಗಿ ಮಾತಾಡಬೇಕು. ಉಸುಕು ಸೋಸುತ್ತದೆ ಎಂದು ಹಳಬರು ಕಂಡುಕೊಂಡದ್ದು ಸರಿಯೇ. ಆಲ್ಟೊನಾವನ್ನು ಉಳಿಸಿದ್ದೂ ಉಸುಕೇ. ಆದರೆ ಅಲ್ಲಿನ ಹಾಸು ಆಳವಾಗಿತ್ತು, ನೀರು ನಿಧಾನವಾಗಿ ಇಳಿಯುತ್ತಿತ್ತು, ಉಸುಕಿನ ಮೇಲೆ ಬೆಳೆದ ಜೀವಿಗಳ ಲೋಳೆಪದರ ಬ್ಯಾಕ್ಟೀರಿಯಾಗಳನ್ನು ಹಿಡಿದುಹಾಕುತ್ತಿತ್ತು. ದನ ಇಳಿಯುವ, ಬೆಳಗಿನ ಜಾವ ಊರೆಲ್ಲ ತಂಬಿಗೆ ಹಿಡಿದು ಹೋಗುವ ಹಳ್ಳದಲ್ಲಿ ಎರಡು ಮೊಳ ತೋಡಿದ ಕುಣಿಗೆ ಆ ಭದ್ರತೆ ಇಲ್ಲ.

ಇಲ್ಲಿ ಭಕ್ತಿಯ ಮಾತನ್ನು ತರುವವರಿದ್ದಾರೆ. ಕೂಡಲಸಂಗಮದ ನೀರನ್ನು, ಬನಶಂಕರಿಯ ಹರಿದ್ರಾತೀರ್ಥವನ್ನು ಕೆಟ್ಟದೆನ್ನಬಹುದೇ ಎಂದು ಕೇಳುತ್ತಾರೆ. ಬನದ ಹುಣ್ಣಿಮೆಗೆ ಬಾದಾಮಿಯ ದಾರಿ ಹಿಡಿಯುವ ಲಕ್ಷಾಂತರ ಜನರ ಶ್ರದ್ಧೆಯನ್ನು ಯಾರೂ ಅಳೆಯಬೇಕಾಗಿಲ್ಲ. ಆದರೆ ಲಕ್ಷಾಂತರ ಜನ ಒಂದೆಡೆ ಕೂಡಿದರೆ ಅವರಲ್ಲಿ ಕೆಲವರ ಹೊಟ್ಟೆಯಲ್ಲಿ ಟೈಫಾಯಿಡ್ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಕೆಲವರು ಜ್ವರ ಬಿಟ್ಟ ಮೇಲೂ ಪಿತ್ತಕೋಶದಲ್ಲಿ ಅದನ್ನು ಇಟ್ಟುಕೊಂಡು ವರ್ಷಗಟ್ಟಲೆ ಆರೋಗ್ಯವಾಗಿಯೇ ಓಡಾಡುತ್ತಾರೆ. ಯಾತ್ರಿಕನ ಮನಸ್ಸು ಬ್ಯಾಕ್ಟೀರಿಯಾಕ್ಕೆ ತಿಳಿಯದು. ತೀರ್ಥಸ್ನಾನವೇ ಧರ್ಮವೆಂದುಕೊಂಡವರನ್ನು ವಚನಗಳಲ್ಲಿ ಖಂಡಿಸಿದ ಬಸವಣ್ಣನವರು ಐಕ್ಯರಾದ ನೆಲದಲ್ಲಿ ಇಷ್ಟನ್ನು ಹೇಳಲು ಸಂಕೋಚ ಬೇಕಿಲ್ಲ.

ಈಗ ಹೊಳೆಗೆ ಹೋಗಿ ಕೊಡ ತುಂಬುವವರು ಕಡಿಮೆ, ಮನೆಮನೆಗೆ ನಲ್ಲಿ ಬಂದಿದೆ. ಇದರಿಂದ ಹಳೆಯ ನಂಬಿಕೆಗೆ ಹೊಸ ಬಲವೂ ಬಂದಿದೆ: ನಲ್ಲಿಯಲ್ಲಿ ತಿಳಿನೀರು ಬಂತು, ಇನ್ನೇನು ಬೇಕು? ಪೈಪಿನೊಳಗೆ ನಡೆಯುವುದು ಕಾಣುವುದಿಲ್ಲ. ದಿನ ಬಿಟ್ಟು ದಿನ, ಕೆಲವೆಡೆ ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ, ನೀರು ನಿಂತ ಕೂಡಲೇ ಪೈಪಿನ ಒತ್ತಡ ಇಳಿಯುತ್ತದೆ. ಗಟಾರದ ಬದಿಗೋ ಒಳಗೋ ಹಾಯ್ದ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಹೊರಗಿನ ಹೊಲಸನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಗಳಲ್ಲಿ ಅದೆಲ್ಲ ಮನೆ ಸೇರುತ್ತದೆ. ಮನೆಯವರು ತಾವೇ ಪೈಪಿಗೆ ಜೋಡಿಸಿದ ಮೋಟರು ಈ ಎಳೆತವನ್ನು ಹೆಚ್ಚಿಸುತ್ತದೆ.

ರಾಜ್ಯದ ಬೇರೆ ಜಿಲ್ಲೆಗಳಲ್ಲಿ ನಡೆದದ್ದನ್ನು ನೆನೆಯಿರಿ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದವರು ಸತ್ತರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾದಾಮಿಯ ನೆರೆಯ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ, 2023ರ ಜೂನಿನಲ್ಲಿ ಇಳಕಲ್ಲಿಗೆ ಅಂಟಿಕೊಂಡ ಕುಷ್ಟಗಿ ತಾಲ್ಲೂಕಿನ ಬಿಜಕಲ್ಲಿನಲ್ಲಿ, ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ವಾಂತಿಭೇದಿ ಎದ್ದಿತು. ಎಲ್ಲ ಕಡೆ ಸಾವುಗಳಾದವು. ಇದು ಹಳೆಯ ಕಾಲದ ಮಾತಲ್ಲ.

ಹಿರಿಯರ ವಿಷಯಕ್ಕೆ ಬರಬೇಕು, ಏಕೆಂದರೆ ವಾದದ ಬೇರು ಅಲ್ಲಿದೆ. ಈ ಸೀಮೆಯ ಹಿರಿಯರು ಏನು ಕುಡಿದರು, ಅದರಿಂದ ಏನು ಉಂಡರು ಎಂಬುದಕ್ಕೆ ನಾರುಹುಣ್ಣಿಗಿಂತ ಗಟ್ಟಿಯಾದ ಸಾಕ್ಷಿ ಇಲ್ಲ. ಬಾಗಲಕೋಟೆ 1997ರವರೆಗೂ ವಿಜಾಪುರ ಜಿಲ್ಲೆಯ ಭಾಗವಾಗಿತ್ತು. ಉತ್ತರ ಕರ್ನಾಟಕದ ಈ ಒಣಸೀಮೆ ನಾರುಹುಣ್ಣಿನ ತವರುಗಳಲ್ಲಿ ಒಂದಾಗಿತ್ತು. ಎಪ್ಪತ್ತು ದಾಟಿದವರನ್ನು ಕೇಳಿದರೆ ಈಗಲೂ ಕಾಲಿನ ಕಲೆ ತೋರಿಸುವವರು ಸಿಕ್ಕಾರು.

ಮೆಟ್ಟಿಲಿಳಿದು, ನೀರಿನಲ್ಲಿ ಕಾಲಿಟ್ಟು ಕೊಡ ಮುಳುಗಿಸುವ ಬಾವಿಗಳಿಂದ ಅದು ಬರುತ್ತಿತ್ತು. ಹುಣ್ಣಿದ್ದವನು ನೀರಿಗೆ ಕಾಲಿಟ್ಟ ಕೂಡಲೇ ಹುಣ್ಣಿನೊಳಗಿನ ಹುಳು ಲಕ್ಷಾಂತರ ಮರಿಗಳನ್ನು ಉಗುಳುತ್ತಿತ್ತು. ಅವನ್ನು ಸೈಕ್ಲಾಪ್ಸ್ ಎಂಬ ಚುಕ್ಕೆಗಾತ್ರದ ನೀರುಜೀವಿ ನುಂಗುತ್ತಿತ್ತು, ಸೈಕ್ಲಾಪ್ಸನ್ನು ತಿಳಿನೀರಿನ ಜೊತೆ ಮನುಷ್ಯ ನುಂಗುತ್ತಿದ್ದ. ಹೊಟ್ಟೆಯ ಆಮ್ಲದಲ್ಲಿ ಸೈಕ್ಲಾಪ್ಸ್ ಸತ್ತರೂ ಮರಿ ಸಾಯದೆ ಕರುಳು ಕೊರೆದು ಮೈಯೊಳಗೆ ಹೋಗಿ, ಒಂದು ವರ್ಷದಲ್ಲಿ ಎರಡು-ಮೂರು ಅಡಿ ಉದ್ದದ ಹುಳುವಾಗಿ, ಸಾಮಾನ್ಯವಾಗಿ ಕಾಲಿನಲ್ಲಿ ಗುಳ್ಳೆಯೆಬ್ಬಿಸಿ ಹೊರಬರುತ್ತಿತ್ತು. ಬೆಂಕಿ ಇಟ್ಟಂಥ ಉರಿ ತಾಳದೆ ರೋಗಿ ತಂಪಿಗೆಂದು ಮತ್ತೆ ಬಾವಿಗಿಳಿಯುತ್ತಿದ್ದ, ಹುಳು ಮತ್ತೆ ಮರಿ ಬಿಡುತ್ತಿತ್ತು. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಹೊರಗೆಳೆಯಬೇಕಿತ್ತು. ಹರಿದರೆ ಕಾಲು ಕೀವು ತುಂಬಿ ಬಾತುಹೋಗುತ್ತಿತ್ತು. ಬಿತ್ತುವ ಹೊತ್ತಿಗೆ ಮನೆಯ ದುಡಿಯುವ ಆಳು ಹಾಸಿಗೆ ಹಿಡಿಯುತ್ತಿದ್ದ. ಇದನ್ನು ಜನ ಪೂರ್ವಜನ್ಮದ ಕರ್ಮವೆಂದರು, ಉಷ್ಣವೆಂದರು, ರಕ್ತ ಕೆಟ್ಟಿದೆಯೆಂದರು. ಕುಡಿಯುವ ನೀರಿನ ಮೇಲೆ ಮಾತ್ರ ಸಂಶಯ ಪಡಲಿಲ್ಲ, ಏಕೆಂದರೆ ಬಾವಿಯ ನೀರು ತಿಳಿಯಾಗಿತ್ತು.

ಈ ರೋಗಕ್ಕೆ ಲಸಿಕೆ ಇರಲಿಲ್ಲ, ಗುಣಪಡಿಸುವ ಗುಳಿಗೆ ಇರಲಿಲ್ಲ, ಸೂಜಿ ಇರಲಿಲ್ಲ. 1983-84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ನೀರಿನ ದಾರಿಯನ್ನಷ್ಟೇ ಕಟ್ಟಿತು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಹಗ್ಗದಿಂದ ಸೇದುವಂತೆ ಮಾಡಲಾಯಿತು, ಬೋರ್‌ವೆಲ್ ಕೊರೆಸಲಾಯಿತು, ಸೈಕ್ಲಾಪ್ಸ್ ಸಾಯಲು ಬಾವಿಗೆ ಔಷಧಿ ಹಾಕಲಾಯಿತು, ಮಡಿಚಿದ ಬಟ್ಟೆಯಲ್ಲಿ ಸೋಸಿ ಕುಡಿಯಲು ಮನೆಮನೆಗೆ ಹೇಳಲಾಯಿತು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಹಿರಿಯರ ನೀರು ಒಳ್ಳೆಯದಾಗಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ.

ನೂರು ವರ್ಷ ಬಾಳಿದವರು ಇದ್ದರು, ಸುಳ್ಳಲ್ಲ. ಅವರು ಉಳಿದವರು, ಉಳಿಯದವರು ಕಥೆ ಹೇಳಲು ಬರುವುದಿಲ್ಲ. 1951ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 146 ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ, ಜನರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. 2020ರ ಹೊತ್ತಿಗೆ ಶಿಶುಮರಣ ಸಾವಿರಕ್ಕೆ 28ಕ್ಕೆ ಇಳಿಯಿತು. ಅಜ್ಜಿಯರು ಹೆತ್ತ ಮಕ್ಕಳೆಷ್ಟು, ಕೈಗೆ ಸಿಕ್ಕವರೆಷ್ಟು ಎಂದು ಪ್ರತಿ ಮನೆಯಲ್ಲೂ ಕೇಳಿ ನೋಡಬಹುದು.

ಒಬ್ಬ ಕುಡಿದು ಬದುಕಿದ ಮಾತ್ರಕ್ಕೆ ನೀರು ನಿರಪರಾಧಿಯಾಗುವುದಿಲ್ಲ ಎಂಬುದಕ್ಕೆ ಮ್ಯೂನಿಕ್ಕಿನ ಪೆಟ್ಟೆನ್‌ಕೋಫರ್ ದೊಡ್ಡ ಉದಾಹರಣೆ. ಕಾಲರಾಕ್ಕೆ ಬ್ಯಾಕ್ಟೀರಿಯಾವೊಂದೇ ಕಾರಣವೆಂಬುದನ್ನು ಒಪ್ಪದ ಆ ಹಿರಿಯ ವಿಜ್ಞಾನಿ 1892ರಲ್ಲಿ, ತಮ್ಮ 74ನೆಯ ವಯಸ್ಸಿಗೆ ಸಮೀಪದಲ್ಲಿ, ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ಎಲ್ಲರೆದುರು ಕುಡಿದರು. ಸ್ವಲ್ಪ ಭೇದಿಯಾಯಿತು, ಬದುಕಿದರು, ಗೆದ್ದೆನೆಂದುಕೊಂಡರು. ಅದನ್ನೇ ಕುಡಿದ ಅವರ ಶಿಷ್ಯನಿಗೆ ಭೇದಿ ಇನ್ನೂ ಜೋರಾಯಿತು. ಕಾಲರಾ ಬ್ಯಾಕ್ಟೀರಿಯಾ ಹೊಕ್ಕವರಲ್ಲಿ ಬಹಳ ಮಂದಿಗೆ ಏನೂ ಆಗುವುದಿಲ್ಲ ಅಥವಾ ಸಣ್ಣ ಭೇದಿಯಾಗಿ ಹೋಗುತ್ತದೆ; ಎಷ್ಟು ಒಳಹೋಯಿತು, ಹೊಟ್ಟೆಯ ಆಮ್ಲ ಹೇಗಿತ್ತು, ಮೈ ಮೊದಲೇ ಅದನ್ನು ಕಂಡಿತ್ತೇ ಎಂಬುದರ ಮೇಲೆ ಎಲ್ಲ ನಿಂತಿದೆ. ಏನೂ ಆಗದವನು ಮಲದಲ್ಲಿ ಅದನ್ನು ಹೊರಹಾಕುತ್ತಲೇ ಇರುತ್ತಾನೆ. ಅವನ ಗಟ್ಟಿತನ ಪಕ್ಕದ ಮನೆಯ ಕೂಸಿನ ಮೃತ್ಯುವಾಗಬಹುದು.

ಇನ್ನು ಸೂಜಿ. ಕಾಲರಾ ಬ್ಯಾಕ್ಟೀರಿಯಾ ಕರುಳನ್ನು ಕೊರೆಯುವುದಿಲ್ಲ, ರಕ್ತಕ್ಕೆ ಹೋಗುವುದಿಲ್ಲ. ಕರುಳಿನ ಗೋಡೆಗೆ ಅಂಟಿ ಕೂತು ಒಂದು ವಿಷ ಬಿಡುತ್ತದೆ. ಈ ವಿಷವನ್ನು 1959ರಲ್ಲಿ ಕಲ್ಕತ್ತೆಯಲ್ಲಿ ತೋರಿಸಿಕೊಟ್ಟವರು ಶಂಭುನಾಥ ಡೇ. ವಿಷ ತಾಗಿದ ಜೀವಕೋಶಗಳು ಉಪ್ಪನ್ನು ಹೊರಗೆ ಸುರಿಯತೊಡಗುತ್ತವೆ, ಉಪ್ಪಿನ ಹಿಂದೆ ಮೈಯ ನೀರೆಲ್ಲ ಹರಿದುಹೋಗುತ್ತದೆ. ರೋಗಿ ಸಾಯುವುದು ನೀರಿಲ್ಲದೆ. ಟೈಫಾಯಿಡ್ ಬ್ಯಾಕ್ಟೀರಿಯಾದ ರೀತಿ ಬೇರೆ; ಅದು ಕರುಳು ದಾಟಿ, ತನ್ನನ್ನು ಕೊಲ್ಲಬೇಕಾದ ಬಿಳಿ ರಕ್ತಕಣಗಳೊಳಗೇ ಅಡಗಿ, ಯಕೃತ್ತು, ಗುಲ್ಮಗಳಲ್ಲಿ ಬೆಳೆಯುತ್ತದೆ. ಹೆಪಟೈಟಿಸ್ ಇ ವೈರಸ್ ಯಕೃತ್ತಿನ ಜೀವಕೋಶಗಳನ್ನು ಹೊಕ್ಕು, ಬಸುರಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಜೀವ ತೆಗೆಯಬಲ್ಲದು. ಮೂರು ರೋಗ, ಮೂರು ರೀತಿ. ಎಲ್ಲಕ್ಕೂ ಒಂದೇ ಸೂಜಿ ಎಂಬುದು ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ. ವೈರಸ್ಸಿಗೆ ಆ್ಯಂಟಿಬಯೋಟಿಕ್ ನಾಟುವುದೇ ಇಲ್ಲ.

"ಬಾಟ್ಲಿ ಹಚ್ಚಿಸಿದ್ರ ಶಕ್ತಿ ಬರತೈತಿ" ಎನ್ನುವವರು ಲೆಕ್ಕ ನೋಡಬೇಕು. ಅರ್ಧ ಲೀಟರಿನ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಒಂದು ಜೋಳದ ರೊಟ್ಟಿ ಕೊಡುವಷ್ಟು ಶಕ್ತಿ. ನಾಡಿ ಸಿಗದಂತೆ ಬತ್ತಿದವನಿಗೆ ಸಲೈನ್ ಪ್ರಾಣ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಭೇದಿಯಾದ ಉಳಿದವರಿಗೆ ಉಪ್ಪು-ಸಕ್ಕರೆ ಬೆರೆಸಿದ ನೀರು, ಅಂದರೆ ಓಆರ್‌ಎಸ್ ಸಾಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನ್‌ಗಾಂವ್ ಶಿಬಿರದಲ್ಲಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಿಂದ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಷ್ಟು ಗೊತ್ತಿರುವ ತಾಯಿ ಬಾಟಲಿಗೆ ಸಾಲ ಮಾಡಬೇಕಿಲ್ಲ. ಬೇಡದ ಸೂಜಿ, ಅರ್ಧಕ್ಕೆ ಬಿಟ್ಟ ಗುಳಿಗೆಗಳಿಂದ ಪಳಗಿದ ಬ್ಯಾಕ್ಟೀರಿಯಾಗಳ ಪರಿಣಾಮ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಕಾಣುತ್ತಿದೆ. ಅಲ್ಲಿ 2016ರಿಂದ ಹಬ್ಬಿದ ಟೈಫಾಯಿಡ್‌ಗೆ ಬಳಕೆಯ ಬಹುತೇಕ ಔಷಧಿಗಳು ನಾಟುತ್ತಿಲ್ಲ.

ಕೊನೆಯದಾಗಿ, ಇಂದಿನ ಹೊಸ ನೆಮ್ಮದಿಯೊಂದಿದೆ: ಹಳ್ಳಿಹಳ್ಳಿಯ ಶುದ್ಧ ನೀರಿನ ಘಟಕ. ಹುನಗುಂದ, ಇಳಕಲ್ಲಿನ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಕುದಿಸಿದರೆ ಹೋಗುವುದಿಲ್ಲ, ಘಟಕದ ನೀರು ಬೇಕೇ ಬೇಕು. ಆದರೆ ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ತೊಳೆಯದ ಕ್ಯಾನಿಗೆ ತುಂಬಿ, ಮನೆಯ ಹರವಿಗೆ ಸುರಿದು, ಬೆರಳು ಅದ್ದಿದ ತಂಬಿಗೆಯಿಂದ ಮೊಗೆದರೆ ಸಂಜೆಯ ಹೊತ್ತಿಗೆ ಅದು ಶುದ್ಧ ನೀರಲ್ಲ. ನಲ್ಲಿಯ ನೀರಿನ ಬ್ಲೀಚಿಂಗ್ ಪೌಡರಿನ ವಾಸನೆಯನ್ನು ಜನ ದೂರುತ್ತಾರೆ, ನೀರುಗಂಟಿಯೂ ದೂರಿಗೆ ಹೆದರಿ ಪೌಡರ್ ಹಾಕುವುದನ್ನು ಬಿಡುತ್ತಾನೆ. ಆ ಸಣ್ಣ ವಾಸನೆಯೇ ಪೈಪಿನ ಕೊನೆಯವರೆಗೂ ಕಾವಲಿದೆ ಎಂಬುದರ ಗುರುತು. ಭಾರತೀಯ ಮಾನಕದ ಪ್ರಕಾರ ಕ್ಲೋರಿನ್ ಹಾಕಿದ ನೀರು ಮನೆ ಮುಟ್ಟಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ವಾಸನೆ ಬೇಡವಾದವರು ನೀರನ್ನು ಕುದಿಸಿ ಕುಡಿಯಲಿ. ಪೌಡರ್ ನಿಲ್ಲಿಸಿ ಎನ್ನುವುದು ಇಡೀ ಓಣಿಯ ಮಕ್ಕಳ ಪ್ರಾಣದ ಜೊತೆ ಆಟ.

ತಿಳಿಯೋ ಅಲ್ಲವೋ ಎಂದು ಕೊಡದೊಳಗೆ ಇಣುಕುವ ಬದಲು ಮಾಡಬಹುದಾದದ್ದು ಕೈಗೆಟಕುವಂಥದ್ದು. ಭಾರತೀಯ ವಿಜ್ಞಾನಿಗಳು 1982ರಲ್ಲಿ ರೂಪಿಸಿದ ಬಾಟಲಿ ಪರೀಕ್ಷೆ ಇದೆ. ಪರೀಕ್ಷೆಯ ರಾಸಾಯನಿಕವಿರುವ ಆ ಬಾಟಲಿಗೆ ನೀರು ತುಂಬಿ ಬೆಚ್ಚಗಿಟ್ಟಾಗ ಅದು ಒಂದೆರಡು ದಿನದಲ್ಲಿ ಕಪ್ಪಾದರೆ ನೀರಿಗೆ ಮಲ ಸೇರಿರುವ ಸಂಭವ ಹೆಚ್ಚು. ಜಲಜೀವನ್ ಮಿಷನ್ ನಿಯಮದಂತೆ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು. ನಿಮ್ಮ ಊರಿನಲ್ಲಿ ಆ ಐವರು ಯಾರೆಂದು ಪಂಚಾಯಿತಿಯನ್ನು ಕೇಳಿ. ಪೈಪಿನ ಕಟ್ಟಕಡೆಯ ಮನೆಯ ನಲ್ಲಿಯಿಂದ, ನೀರು ಬಿಟ್ಟ ಮೊದಲ ಹತ್ತು ನಿಮಿಷದೊಳಗೆ, ಅವರ ಕೈಯಿಂದ ಮಾದರಿ ತೆಗೆಸಿ. ಕ್ಲೋರಿನ್ ಎಷ್ಟಿತ್ತು, ಬಾಟಲಿ ಕಪ್ಪಾಯಿತೇ ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳಿಸುವಂತೆ ಓದಿಸಿ.